ಕಲ್ಲು ಸರಿಸುವ ಭಾನುವಾರ

ಬೀಗದಜ್ಜ ತೀರಿಕೊಂಡ ಸುದ್ದಿ ಮನೆಗೆ ಬಂದದ್ದು ಮಧ್ಯಾಹ್ನ ಮೂರೂವರೆಗೆ, ಅವರ ಸಲಕರಣೆಯ ಚೀಲದ ಜೊತೆಯಲ್ಲಿ. ಅಜ್ಜಿ ಆಗ ಅಡುಗೆಮನೆಯಲ್ಲಿ ಬಟಾಣಿ ಬಿಡಿಸುತ್ತಿದ್ದರು. ಬಾಗಿಲು ತಟ್ಟಿದ ಸದ್ದಾಯಿತು. "ಊರಿಗೆಲ್ಲ ಬೀಗ ತೆಗೆದುಕೊಡೋರಿಗೆ ತಮ್ಮನೆ ಬಾಗಿಲು ತೆಗೆಯೋಕೆ ಮಾತ್ರ ನಾನೇ ಆಗ್ಬೇಕು" ಎಂದು ಗೊಣಗುತ್ತಲೇ ಎದ್ದು ಬಂದರು. ಹೊರಗೆ ನಿಂತಿದ್ದವನು ಗುರುತಿಲ್ಲದ ಒಬ್ಬ ಗೃಹಸ್ಥ. ಕೈಯಲ್ಲಿ ಅಜ್ಜನ ಚರ್ಮದ ಚೀಲ, ಚೀಲದ ಮೇಲೆ ಮಡಿಸಿಟ್ಟ ಕನ್ನಡಕ.

"ಅಮ್ಮಾ, ನಮ್ಮನೆ ಕಪಾಟಿನ ಬೀಗ ಕಚ್ಕೊಂಡಿತ್ತು. ಇವರು ಬಂದು ತೆಗೆದ್ರು. ತೆಗೆದು, 'ನೋಡಿ, ಬಂತು' ಅಂದ್ರು. ಆಮೇಲೆ ಮೆಟ್ಟಿಲ ಮೇಲೆ ಕೂತು ನೀರು ಕೇಳಿದ್ರು. ನಾನು ಒಳಗಿಂದ ತರೋಷ್ಟ್ರಲ್ಲಿ..."

ಅಜ್ಜಿ ಕನ್ನಡಕವನ್ನು ತೆಗೆದುಕೊಂಡು ಸೆರಗಿನಲ್ಲಿ ಒರೆಸಿದರು. ಒರೆಸುವಂಥ ಕೊಳೆ ಅದರಲ್ಲಿರಲಿಲ್ಲ.

"ನೀರು ಕುಡಿದ್ರಾ?" ಎಂದು ಕೇಳಿದರು.

"ಇಲ್ಲಮ್ಮ."

ಅವರು ಕೇಳಿದ್ದು ಅದೊಂದೇ ಮಾತು. ನಲವತ್ತಾರು ವರ್ಷ ಜೊತೆಯಲ್ಲಿ ಬಾಳಿದವನು ಕೊನೆಗೆ ಕೇಳಿದ ಒಂದು ಲೋಟ ನೀರು ಯಾರದೋ ಮನೆಯ ಹಜಾರದಲ್ಲಿ ದಾರಿಯ ಮೇಲೆಯೇ ಉಳಿದುಹೋಯಿತು ಎಂಬುದು ಅವರ ಎದೆಯಲ್ಲಿ ಮುಳ್ಳಾಗಿ ಕೂತಿತು.

ಅದೇ ದಿನ ಬೆಳಗ್ಗೆ ಮನೆಯಲ್ಲೊಂದು ಜಗಳವಾಗಿತ್ತು. ಮಗ ಸಿಟಿ ಬಸ್ಸಿನ ಡ್ರೈವರ್. ಸೊಸೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದಳು. ಅವರ ಒಬ್ಬಳೇ ಮಗಳಿಗೆ ಹದಿನಾಲ್ಕು ವರ್ಷ, ಬಾಯಿ ಖಾರವೆಂದು ಅಜ್ಜ ಅವಳನ್ನು 'ಮೆಣಸು' ಎಂದು ಕರೆಯುತ್ತಿದ್ದರು. ಮನೆಗೆ ಇದ್ದದ್ದು ಒಂದು ಮಲಗುವ ಕೋಣೆ, ಒಂದು ಅಡುಗೆಮನೆ, ಒಂದು ಮುಂದಿನ ಕೋಣೆ. ಮುಂದಿನ ಕೋಣೆಯಲ್ಲಿ ಒಂದು ಗೋಡೆಗೆ ಅಜ್ಜನ ಕೆಲಸದ ಮೇಜು, ಎದುರು ಗೋಡೆಗೆ ಅಜ್ಜನೇ ಗಾಜು ಕೂರಿಸಿ ಮಾಡಿದ ಎದೆಮಟ್ಟದ ಮೀನಿನ ತೊಟ್ಟಿ, ನಡುವೆ ಅಜ್ಜ ಅಜ್ಜಿಯರ ಮಂಚ. ಮೆಣಸು ಅಡುಗೆಮನೆಯಲ್ಲಿ ಹಾಸಿಕೊಂಡು ಮಲಗುತ್ತಿದ್ದಳು. ಬೆಳಗ್ಗೆ ಟೀ ಕಾಸಲು ಹೋದ ಮಗ ಅವಳ ಕಾಲು ತುಳಿದ. ಅವಳು ಕಿರುಚಿದಳು, ಬಿಸಿನೀರು ಚೆಲ್ಲಿತು. ಮಗ ಅಲ್ಲಿಂದಲೇ ಮುಂದಿನ ಕೋಣೆಗೆ ಕೇಳುವ ಹಾಗೆ ಕೂಗಿದ: "ಈ ಮನೇಲಿ ಮೀನಿಗಿರೋ ಜಾಗ ನನ್ನ ಮಗಳಿಗಿಲ್ಲ! ನನಗೂ ಯಾವತ್ತೂ ಇರ್ಲಿಲ್ಲ!"

ಹೇಳಿ, ಟೀ ಕುಡಿಯದೆ, ಡ್ಯೂಟಿಗೆ ಹೊರಟುಹೋದ. ತಂದೆಯನ್ನು ಆಮೇಲೆ ಅವನು ನೋಡಿದ್ದು ಆಸ್ಪತ್ರೆಯ ಬಿಳಿ ಬಟ್ಟೆಯ ಕೆಳಗೆ.

ಕೊನೆಯ ಕೆಲಸಗಳೆಲ್ಲ ಮುಗಿದು, ನೆಂಟರೆಲ್ಲ ಹೊರಟ ಮೇಲೆ ಅಜ್ಜಿ ಮನೆಯವರನ್ನು ಮುಂದಿನ ಕೋಣೆಗೆ ಕರೆದರು.

"ಈ ಮೇಜನ್ನ ಯಾರೂ ಅಲುಗಿಸ್ಕೂಡ್ದು. ಈ ತೊಟ್ಟಿಯೊಳಗಿನ ಒಂದು ಕಲ್ಲನ್ನೂ ಮುಟ್ಟಕೂಡ್ದು. ಅವರು ಹೇಗಿಟ್ಟು ಹೋದ್ರೋ ಹಾಗೇ ಇರ್ಬೇಕು."

"ನೀರು?" ಎಂದಳು ಸೊಸೆ.

"ನೀರು ಬದಲಾಯಿಸು. ಕಲ್ಲು ಮುಟ್ಟಬೇಡ."

ಸೊಸೆ ಏನೋ ಹೇಳಲು ಬಾಯಿ ತೆರೆದಳು. ಅತ್ತೆಯ ಮುಖ ನೋಡಿ ಮುಚ್ಚಿದಳು.

ತೊಟ್ಟಿಯಲ್ಲಿದ್ದದ್ದು ಆರು ಏಂಜೆಲ್ ಮೀನುಗಳು. ನೋಡದವರಿಗೆ ಹೇಳುವುದಾದರೆ, ಅಂಗೈ ಅಗಲದ ಎಲೆಯೊಂದನ್ನು ನೆಟ್ಟಗೆ ನಿಲ್ಲಿಸಿ, ಮೇಲೆ ಕೆಳಗೆ ರೇಷ್ಮೆಯ ದಾರ ಇಳಿಬಿಟ್ಟು, ಉಸಿರು ಊದಿದ ಹಾಗೆ. ಮುಂದಿನಿಂದ ನೋಡಿದರೆ ಬರೀ ಒಂದು ಗೆರೆ, ಪಕ್ಕಕ್ಕೆ ತಿರುಗಿದರೆ ಇಡೀ ಮೀನು. ಈಜುವುದೂ ಸದ್ದಿಲ್ಲದೆ, ಮೆರವಣಿಗೆ ಹೊರಟವರ ಗಾಂಭೀರ್ಯದಲ್ಲಿ. ಅಜ್ಜಿ ಇಷ್ಟು ವರ್ಷ ಅವನ್ನು ನೆಟ್ಟ ಕಣ್ಣಿನಿಂದ ನೋಡಿದವರಲ್ಲ. ಈಗ ಬೆಳಗಿನ ಪ್ರಾರ್ಥನೆ ಮುಗಿಸಿ, ಅಜ್ಜ ಹಾಕುತ್ತಿದ್ದಷ್ಟೇ ಒಂದು ಚಿಟಿಕೆ ತಿಂಡಿ ನೀರಿಗೆ ಉದುರಿಸಿ, ಅಲ್ಲೇ ಸ್ಟೂಲು ಹಾಕಿಕೊಂಡು ಕೂರತೊಡಗಿದರು. ನೋಡುತ್ತ ನೋಡುತ್ತ ಬೆರಗಾದರು. ಹಸಿದಾಗಲೂ ಅವಸರವಿಲ್ಲದ ಈ ಜೀವಗಳನ್ನು ಯಾರು ಕೂತು ಮಾಡಿದರಪ್ಪಾ ಎನ್ನಿಸಿತು.

ಆದರೆ ಹತ್ತು ದಿನ ಕಳೆಯುವಷ್ಟರಲ್ಲಿ ಆ ಗಾಂಭೀರ್ಯ ಕೆಟ್ಟಿತು.

ಮೊದಲು ಕಂಡದ್ದು ಮೆಣಸುವಿಗೆ. "ಅಜ್ಜೀ, ಬಾ ಇಲ್ಲಿ! ಬಿಳಿಯ ಪಟ್ಟೆಗೆ ಮುತ್ತು ಕೊಡ್ತಿದೆ!"

ಬಿಳಿಯ ಎಂದರೆ ಎಲ್ಲಕ್ಕಿಂತ ದೊಡ್ಡ ಬಿಳಿ ಮೀನು. ಪಟ್ಟೆ ಎಂದರೆ ಕಪ್ಪು ಗೆರೆಗಳದ್ದು. ಎರಡೂ ಬಾಯಿಗೆ ಬಾಯಿ ಕಚ್ಚಿಕೊಂಡು ಹಿಂದಕ್ಕೂ ಮುಂದಕ್ಕೂ ಎಳೆದಾಡುತ್ತಿದ್ದವು.

"ಥೂ, ನೋಡ್ಬಾರ್ದು ಅದನ್ನ" ಎಂದರು ಅಜ್ಜಿ, ತಾವು ಮಾತ್ರ ನೋಡುತ್ತಲೇ. "ಮುತ್ತಲ್ಲ ಕಣೇ ಅದು, ಜಗಳ."

ಅಜ್ಜ ಎಂದೋ ಬಳಪದಲ್ಲಿ ಗೋಡೆಯ ಮೇಲೆ ಬರೆದಿಟ್ಟಿದ್ದ ಮೀನಂಗಡಿಯವನ ನಂಬರಿಗೆ ಮೆಣಸು ಫೋನು ಮಾಡಿದಳು. ಅವನು ನಕ್ಕ. "ಮುತ್ತೂ ಹೌದು, ಜಗಳಾನೂ ಹೌದು ತಾಯಿ. ಒಂದರ ಗಟ್ಟಿತನ ಇನ್ನೊಂದು ನೋಡ್ತಿದೆ. ಅವೆರಡೂ ಜೋಡಿ ಕಟ್ಟಿದ್ವು ಅಂತ ತಿಳ್ಕೊಳ್ಳಿ. ಇನ್ಮೇಲೆ ಮಿಕ್ಕ ನಾಲ್ಕಕ್ಕೆ ದೇವರೇ ಗತಿ."

ಅವನ ಮಾತು ಸುಳ್ಳಾಗಲಿಲ್ಲ. ತೊಟ್ಟಿಯ ಬಲ ಮೂಲೆಯಲ್ಲಿ ಕಪ್ಪು ಸ್ಲೇಟಿನ ಹಲಗೆಯೊಂದು ಗಾಜಿಗೆ ಒರಗಿ ನಿಂತಿತ್ತು. ಜೋಡಿ ಅದನ್ನು ತಮ್ಮದೆಂದು ಹಿಡಿಯಿತು. ಬಾಯಿಂದ ಅದರ ಮೈಯನ್ನು ಗೀರಿ ಗೀರಿ ಎರಡು ದಿನ ಉಜ್ಜಿತು. ಅಜ್ಜಿಗೆ ಮದುವೆಯಾದ ಹೊಸತರಲ್ಲಿ ತಾವು ಈ ಮನೆಯ ನೆಲ ಉಜ್ಜಿದ್ದು ನೆನಪಾಗಿ ಒಳಗೊಳಗೇ ನಗು ಬಂತು. ಮೂರನೆಯ ದಿನ ಮಧ್ಯಾಹ್ನ ನಗು ಮಾಯವಾಯಿತು. ಪಟ್ಟೆ ಹಲಗೆಯ ಮೇಲೆ ಹೊಟ್ಟೆ ತಾಗಿಸಿ, ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಜಾರಿತು. ಅದು ಹೋದ ದಾರಿಯಲ್ಲಿ ಸಾಸಿವೆಗಿಂತ ಸಣ್ಣ, ಗಾಜಿನಷ್ಟು ತಿಳಿಯಾದ ಮೊಟ್ಟೆಗಳ ಸಾಲು. ಹಿಂದೆಯೇ ಬಿಳಿಯ ಅದೇ ದಾರಿಯಲ್ಲಿ ಜಾರಿತು. ಮತ್ತೆ ಪಟ್ಟೆ, ಮತ್ತೆ ಬಿಳಿಯ. ದರ್ಜಿ ಹೊಲಿಗೆ ಹಾಕಿದಷ್ಟು ನೇರವಾದ ಸಾಲುಗಳು. ಅಜ್ಜಿ ಕೈ ಜೋಡಿಸಿದ್ದು ಅವರಿಗೇ ಗೊತ್ತಾಗಲಿಲ್ಲ.

ಅಂದು ರಾತ್ರಿಯ ಊಟಕ್ಕೆ ಸೊಸೆ ಮೊಟ್ಟೆ ಬೇಯಿಸಿದ್ದಳು. ಮೆಣಸು ತಟ್ಟೆ ದೂಡಿದಳು.

"ನಂಗೆ ಬೇಡ."

"ಯಾಕೆ?"

"ಅವು ನೋಡ್ತಿವೆ."

"ನೋಡ್ಲಿ. ಕೋಳಿ ಮೊಟ್ಟೆ ಕಂಡು ಮೀನಿಗೇನು ಸಂಕಟ?" ಎಂದ ಮಗ. ಸೊಸೆ ನಕ್ಕಳು. ಆ ಮನೆಯಲ್ಲಿ ಹದಿನೈದು ದಿನದಲ್ಲಿ ಕೇಳಿದ ಮೊದಲ ನಗು ಅದು. ಅಜ್ಜಿ ಮಾತ್ರ ಮಗನ ಕಡೆ ತಿರುಗಲಿಲ್ಲ. ಅವನ ತಟ್ಟೆಗೆ ಅನ್ನ ಬಡಿಸುತ್ತಿದ್ದರು, ಅವನ ಅಂಗಿಯ ಗುಂಡಿ ಹೊಲಿದುಕೊಡುತ್ತಿದ್ದರು. ಅವನ ಜೊತೆ ಆಡುವ ಮಾತು ಮಾತ್ರ 'ಹೂಂ', 'ಉಹೂಂ'ಗಳಲ್ಲಿ ಮುಗಿಯುತ್ತಿತ್ತು.

ಮರುದಿನ ಸಂಜೆ ಹೊತ್ತಿಗೆ ಮೊಟ್ಟೆಗಳಲ್ಲಿ ಅರ್ಧದಷ್ಟು ಕೆಟ್ಟು ಬೆಳ್ಳಗಾದವು. ಅದರ ಮರುದಿನ ಬೆಳಗ್ಗೆ ಸ್ಲೇಟು ಖಾಲಿ.

"ಹೆತ್ತವೇ ತಿಂದುಬಿಟ್ವು!" ಅಜ್ಜಿ ಫೋನಿನಲ್ಲಿ ಮೀನಂಗಡಿಯವನ ಮೇಲೆ, ಅವನೇ ತಿಂದವನ ಹಾಗೆ, ಹರಿಹಾಯ್ದರು.

"ಮೊದಲ ಸಲ ಹಂಗೇ ತಾಯಿ. ಏನ್ ಮಾಡ್ಬೇಕು ಅಂತ ಅವಕ್ಕೂ ಗೊತ್ತಾಗಲ್ಲ. ಗಾಬರಿ ಆದ್ರೆ ತಿಂದುಬಿಡ್ತವೆ. ಕಲೀತವೆ ಬಿಡಿ."

ಮೊಟ್ಟೆ ಹೋದರೂ ಜೋಡಿಯ ಕೋಪ ಹೋಗಲಿಲ್ಲ, ಬೆಳೆಯಿತು. ಸ್ಲೇಟಿನ ಮೂಲೆಯಿಂದ ಶುರುವಾದ ಅವುಗಳ ರಾಜ್ಯ ನಡುವಿನ ಬೋಳು ಕಲ್ಲಿನವರೆಗೆ, ಅಲ್ಲಿಂದ ಎಡಗಡೆಯ ಪಾಚಿಯ ಪೊದೆಯವರೆಗೆ ಹಬ್ಬಿತು. ಮಿಕ್ಕ ನಾಲ್ಕೂ ಮೇಲಿನ ಎಡ ಮೂಲೆಯಲ್ಲಿ, ತುಂಬಿದ ಬಸ್ಸಿನ ಫುಟ್‌ಬೋರ್ಡಿನಲ್ಲಿ ನಿಂತವರಂತೆ, ಒಂದಕ್ಕೊಂದು ಅಂಟಿಕೊಂಡು ನಿಂತವು. ತಿಂಡಿಗೆ ಬಂದರೆ ಏಟು, ತಿರುಗಿದರೆ ಏಟು. ಬೂದು ಬಣ್ಣದ ಒಂದು ಮೀನಿನ ರೆಕ್ಕೆ ಚಿಂದಿಯಾಯಿತು, ಮೆಣಸು ಅದಕ್ಕೆ 'ಹರುಕು' ಎಂದು ಹೆಸರಿಟ್ಟಳು. ಇನ್ನೊಂದು ಚಿಕ್ಕದು ಒಂದು ಬೆಳಗ್ಗೆ ನೀರಿನ ಮೇಲೆ ಅಡ್ಡಲಾಗಿ ತೇಲುತ್ತಿತ್ತು.

ಆ ರಾತ್ರಿ ಊಟಕ್ಕೆ ಕೂತಾಗ ಮಗ ಹೇಳಿದ: "ಸೋಮವಾರ ಮೀನಂಗಡಿಯವನು ಬರ್ತಾನೆ. ಮೀನು, ತೊಟ್ಟಿ, ಕಲ್ಲು ಎಲ್ಲಾ ಒಯ್ತಾನೆ."

"ಯಾರನ್ನ ಕೇಳಿ ಹೇಳಿದೆ?"

"ಕೇಳೋದೇನಿದೆ ಅಮ್ಮ? ಅವು ಒಂದನ್ನೊಂದು ಕೊಲ್ತಿವೆ. ಅದನ್ನ ನೋಡ್ಕೊಂಡು ನಾವು ಅನ್ನ ತಿನ್ಬೇಕಾ?"

"ಅವರಿದ್ದಾಗ ಒಂದೂ ಸಾಯ್ಲಿಲ್ಲ."

"ಅವರಿಲ್ವಲ್ಲ ಈಗ!"

"ಯಾಕಿಲ್ಲ ಅಂತ ನಿನ್ನನ್ನೇ ಕೇಳ್ಕೋ. ಆವತ್ತು ಬೆಳಗ್ಗೆ ನೀನೇನಂದೆ ಅಂತ ನನಗೆ ಮರ್ತಿಲ್ಲ."

ಮಗ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಹಾಕಿ ಎದ್ದ. ಮೆಣಸು ಅಜ್ಜಿಯ ಮುಖವನ್ನೇ ನೋಡಿದಳು. "ಅಜ್ಜೀ, ಇದು ತುಂಬಾ ಖಾರ ಆಯ್ತು" ಎಂದಳು ಮೆಲ್ಲಗೆ.

ಪಾತ್ರೆ ತೊಳೆಯುವಾಗ ಸೊಸೆ ಉಜ್ಜುತ್ತಿದ್ದಳು, ಅಜ್ಜಿ ಒರೆಸುತ್ತಿದ್ದರು. ಅಜ್ಜಿಗೆ ತಾವಾಡಿದ ಮಾತು ತಮಗೇ ಚುಚ್ಚುತ್ತಿತ್ತು. ಅದನ್ನು ಬಿಟ್ಟು ಬೇರೆ ಮಾತು ತೆಗೆದರು.

"ನಾನೇನು ತಪ್ಪು ಮಾಡ್ತಿದೀನಿ ಹೇಳು. ಅವರು ಹಾಕಿದಷ್ಟೇ ತಿಂಡಿ. ಅವರು ಹಚ್ಚಿದ ಹೊತ್ತಿಗೇ ದೀಪ. ಒಂದು ಕಲ್ಲನ್ನೂ ಅಲುಗಿಸಿಲ್ಲ."

ಸೊಸೆಯ ಕೈ ನಿಂತಿತು. "ಅದೇ ಅತ್ತೆ. ಅಲುಗಿಸ್ಬೇಕಿತ್ತು."

"ಏನು?"

"ಮಾವ ಎರಡು ವಾರಕ್ಕೊಂದ್ಸಲ ಎಲ್ಲಾ ಕಲ್ಲೂ ತೆಗೆದು ಬೇರೆ ಬೇರೆ ಕಡೆ ಇಡ್ತಿದ್ರು. ಭಾನುವಾರ, ನೀವು ಮೊಮ್ಮಗಳ ಜೊತೆ ಪ್ರಾರ್ಥನಾಮಂದಿರಕ್ಕೆ ಹೋದಾಗ, ಇವರು ಡ್ಯೂಟೀಲಿದ್ದಾಗ. ನಾನು ಬಕೆಟ್ ಹಿಡ್ಕೊಂಡು ನಿಲ್ತಿದ್ದೆ. 'ಇವಕ್ಕೆ ಜಾಗ ಖಾಯಂ ಆಯ್ತು ಅಂದ್ರೆ ಯಜಮಾನಿಕೆ ತಲೆಗೇರುತ್ತೆ. ಕಲ್ಲು ಸರಿಸಿದ್ರೆ ಎಲ್ಲರೂ ಹೊಸಬರು. ಹೊಸ ಮನೆಗೆ ಬಂದೋರು ಮೊದಲು ಬಾಗಿಲು ಹುಡುಕ್ತಾರೆ, ಜಗಳ ಆಮೇಲೆ' ಅನ್ನೋರು."

ಅಜ್ಜಿ ಒರೆಸುತ್ತಿದ್ದ ತಟ್ಟೆಯನ್ನು ಕೆಳಗಿಟ್ಟರು. "ಮತ್ತೆ ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ಯಾ? ಒಂದು ಜೀವ ಹೋಯ್ತಲ್ಲೇ!"

"ನೀವು ಮುಟ್ಟಬೇಡ ಅಂದ್ರಿ." ಸೊಸೆ ನಲ್ಲಿ ನಿಲ್ಲಿಸಿದಳು. "ಅದೂ ಅಲ್ದೆ, ಮಾವನ ವಿಷಯ ನಿಮಗೆ ಗೊತ್ತಿಲ್ದಿರೋದು ಒಂದು ನನಗೆ ಗೊತ್ತಿದೆ ಅಂತ... ಆ ಹೊತ್ನಲ್ಲಿ ಹೇಳೋಕೆ ಮನಸ್ಸು ಬರ್ಲಿಲ್ಲ."

ಅಜ್ಜಿ ತಟ್ಟೆಯನ್ನು ಮತ್ತೆ ಕೈಗೆತ್ತಿಕೊಂಡರು. ಆಮೇಲೆ, "ನನಗ್ಯಾಕೆ ಹೇಳ್ಲಿಲ್ಲ ಅವರು?" ಎಂದು ಕೇಳಿದರು. ದನಿ ಚಿಕ್ಕ ಹುಡುಗಿಯದಾಗಿತ್ತು.

"ಹೇಳ್ಲಾ? ಬೇಜಾರು ಮಾಡ್ಕೋಬಾರ್ದು. ಪ್ರಾರ್ಥನೆಗೆ ಬರ್ದೇ ಇರೋಕೆ ಅವರಿಗೆ ನೆಪ ಅದೊಂದೇ. 'ಬರೀ ಹತ್ತು ನಿಮಿಷದ ಕೆಲಸ ಅಂತ ಅವಳಿಗೆ ಗೊತ್ತಾದ್ರೆ ನನ್ನನ್ನೂ ಎಳ್ಕೊಂಡು ಹೋಗ್ತಾಳೆ' ಅನ್ನೋರು."

ಅಜ್ಜಿ ನಕ್ಕುಬಿಟ್ಟರು. ನಗುತ್ತ ನಗುತ್ತ ಕಟ್ಟೆಗೆ ಒರಗಿದರು, ಒರಗಿದವರು ಹಾಗೇ ಅಳತೊಡಗಿದರು. ಸೊಸೆ ಒದ್ದೆ ಕೈಯಲ್ಲೇ ಅವರನ್ನು ಹಿಡಿದುಕೊಂಡಳು. 'ತೊಟ್ಟಿ ತೊಳೀಬೇಕು ಕಣೇ, ನೀನು ಹೋಗಿ ಬಾ, ನನ್ನ ಪಾಲಿಂದೂ ಕೇಳ್ಕೋ' ಎಂದು ವರ್ಷಗಟ್ಟಲೆ ಭಾನುವಾರ ಬೆಳಗ್ಗೆ ಬಾಗಿಲವರೆಗೆ ಬಂದು ಕಳಿಸಿದ ಆ ಕಳ್ಳ ಮುಖ ಅವರ ಕಣ್ಣ ಮುಂದೆ ಬಂದು ನಿಂತಿತ್ತು.

ಭಾನುವಾರ ಬಂತು. ಅಜ್ಜಿ ಪ್ರಾರ್ಥನಾಮಂದಿರಕ್ಕೆ ಹೊರಡಲಿಲ್ಲ. ಸೀರೆ ಎತ್ತಿ ಸಿಕ್ಕಿಸಿ, ತೋಳೇರಿಸಿ, ತೊಟ್ಟಿಯ ಮುಂದೆ ಸ್ಟೂಲು ಹತ್ತಿದರು. ಕೈ ಅರ್ಧಕ್ಕೇ ನಿಂತಿತು. ಸೊಸೆಯ ಕೈ ತಳ ಮುಟ್ಟಿದರೂ ನಡುವಿನ ಬೋಳು ಕಲ್ಲು ಏಳಲಿಲ್ಲ.

ಮಗ ಬಾಗಿಲ ಬಳಿ ಪತ್ರಿಕೆ ಹಿಡಿದು ಕೂತಿದ್ದ. ಬಹಳ ಹೊತ್ತಿನಿಂದ ಒಂದೇ ಪುಟ.

"ಬಾರೋ" ಎಂದರು ಅಜ್ಜಿ. ಇಷ್ಟು ದಿನಗಳಲ್ಲಿ ಅವರಾಗಿ ಅವನನ್ನು ಕರೆದದ್ದು ಅದೇ ಮೊದಲು. "ನಿನ್ನ ತೋಳು ಅಪ್ಪನ ಹಾಗೆ ಉದ್ದ ಇದೆ."

"ನಾಳೆ ಅವನು ಬಂದು ಒಯ್ತಾನೆ ಅಮ್ಮ. ಇವತ್ಯಾಕೆ ಇದೆಲ್ಲ?"

"ನಾಳೆಯವರೆಗೂ ಅವು ಇಲ್ಲೇ ಇರ್ಬೇಕಲ್ಲ. ಬಾ."

ಮಗ ಅಂಗಿ ಬಿಚ್ಚಿಟ್ಟು ಬಂದ. ತೋಳನ್ನು ಭುಜದವರೆಗೆ ನೀರಿಗೆ ಇಳಿಸಿದ. ಬಿಳಿಯ ಬಂದು ಅವನ ಬೆರಳನ್ನು ಕಚ್ಚಿತು. "ಅಯ್ಯೋ, ಇದಕ್ಕೆ ಎಷ್ಟು ಸೊಕ್ಕು!" ಎಂದು ಕೈ ಎಳೆದುಕೊಂಡವನು ತಾನೇ ನಾಚಿ ಮತ್ತೆ ಇಳಿಸಿದ. ಬೋಳು ಕಲ್ಲು ಬಂತು, ಬೇರಿನ ತುಂಡು ಬಂತು, ಒಂದೊಂದೂ ಸೊಸೆಯ ಬಕೆಟ್ಟಿಗೆ ಇಳಿಯಿತು. ಕೊನೆಗೆ ಸ್ಲೇಟು. ಅದನ್ನು ನೀರಿನಿಂದ ಎತ್ತಿ, ಪಾಚಿ ಕಟ್ಟಿದ ಹಿಂಬದಿಯನ್ನು ಹೆಬ್ಬೆರಳಿನಿಂದ ಒರೆಸಿದವನು ಹಾಗೇ ನಿಂತ.

"ಏನಾಯ್ತು?" ಎಂದಳು ಮೆಣಸು. ಬಗ್ಗಿ ನೋಡಿದಳು. "ಯಾರೋ ಮೊಳೆಯಿಂದ ಗೀಚಿದಾರೆ. ಇದೇನು, ಮನೆನಾ? ಚಕ್ರ ಇದೆ. ಒಂದು, ಎರಡು... ಏಳು ಚಕ್ರ!"

"ಬಸ್ಸು" ಎಂದ ಮಗ. "ಇದು ನಂದು. ನನ್ನ ಒಂದನೇ ಕ್ಲಾಸಿನ ಸ್ಲೇಟು. ಗೀಚಿದ್ದಕ್ಕೆ ಟೀಚರ್ ಹೊಡೆದಿದ್ರು. ಅಪ್ಪ ಕಸಕ್ಕೆ ಎಸೀತೀನಿ ಅಂತ ಕಿತ್ಕೊಂಡ್ರು."

"ನಿಮ್ಮದೇ ಅಂತ ಮಾವ ಹೇಳಿದ್ರು" ಎಂದಳು ಸೊಸೆ. "ಕಲ್ಲೆಲ್ಲ ನನ್ನ ಕೈಗೆ ಕೊಡ್ತಿದ್ರು. ಇದನ್ನ ಮಾತ್ರ ಕೊಡ್ತಿರ್ಲಿಲ್ಲ. ತಾವೇ ತೊಳೆದು ತಾವೇ ಇಡ್ತಿದ್ರು."

ಮಗ ಸ್ಲೇಟನ್ನು ಎದೆಗೆ ಒತ್ತಿಕೊಂಡ. ನೀರು ಅವನ ಹೊಟ್ಟೆಯ ಮೇಲೆ ಇಳಿದು ನೆಲಕ್ಕೆ ತೊಟ್ಟಿಕ್ಕಿತು. "ಆವತ್ತು ನಾನು ಆ ಮಾತು..."

ಅಜ್ಜಿ ಸ್ಟೂಲಿನ ಮೇಲೆ ಕೂತರು.

"ನಿನಗೊಂದು ಮಾತು ಹೇಳ್ಬೇಕಿತ್ತು. ನಾನೇ ಮುಚ್ಚಿಟ್ಟೆ. ಆವತ್ತು ನೀನು ಹೋದ್ಮೇಲೆ ನಿಮ್ಮಪ್ಪ ನಕ್ಕರು. 'ಅವನು ಹೇಳಿದ್ದು ಸರಿಯಾಗೇ ಇದೆ ಕಣೇ. ಹುಡುಗಿ ಬೆಳೀತಿದಾಳೆ. ಮೇಜನ್ನ ನನ್ನ ಬೀಗದಂಗಡಿಗೆ ಸಾಗಿಸ್ತೀನಿ, ಅದಿದ್ದ ಜಾಗದಲ್ಲಿ ಅವಳಿಗೊಂದು ಮಂಚ ಹಾಕೋಣ. ಸಂಜೆ ಅವನು ಬರ್ಲಿ, ಇಬ್ಬರೂ ಸೇರಿ ಎತ್ತೋಣ' ಅಂದ್ರು. ಅಂದು, ಚೀಲ ತಗೊಂಡು ಹೊರಟ್ರು."

ಮಗ ಸ್ಲೇಟನ್ನು ಮೇಜಿನ ಮೇಲೆ ಮೆಲ್ಲಗಿಟ್ಟ.

"ಇದನ್ನ ಮೊದಲೇ ದಿನ ಹೇಳಿದ್ರೆ ನಿನಗೆ ನಿದ್ದೆ ಬರ್ತಿತ್ತು. ಅವರು ಬಿಟ್ಟುಹೋದ ಕೊನೆ ಮಾತು ಅಂತ ನಾನೊಬ್ಬಳೇ ಇಟ್ಕೊಂಡೆ. ನಿನ್ನ ಮೇಲೆ ಕೋಪ ಬೇರೆ. ತಪ್ಪು ನಂದೇ ಕಣಪ್ಪ."

ಮಗ ನೆಲದ ಮೇಲೆ ಕೂತು ಅವರ ಮೊಣಕಾಲಿಗೆ ಹಣೆಯಿಟ್ಟ. ಅವನ ಒದ್ದೆ ಕೂದಲಲ್ಲಿ ಅಜ್ಜಿ ಬೆರಳಾಡಿಸಿದರು. ಪಾಚಿಯ ವಾಸನೆ. ಅಜ್ಜನ ಕೈಗೆ ಭಾನುವಾರಗಳಂದು ಇರುತ್ತಿದ್ದ ಅದೇ ವಾಸನೆ.

"ಏಳು" ಎಂದರು ಕೊನೆಗೆ. "ಮೀನುಗಳು ಬೋಳು ಮನೇಲಿ ನಿಂತಿವೆ. ಮೊದಲು ಅವಕ್ಕೆ ಕಲ್ಲಿಡು. ಆಮೇಲೆ ಆ ಮೇಜನ್ನ ಎತ್ತು."

ಕಲ್ಲುಗಳು ಹೊಸ ಜಾಗ ಕಂಡವು. ಬಲದ್ದು ಎಡಕ್ಕೆ, ನಡುವಿನದು ಹಿಂದಕ್ಕೆ. ಸ್ಲೇಟನ್ನು ಮಗ ತಾನೇ ತೊಳೆದು ತಾನೇ ಇಟ್ಟ. ಆದರೂ ಜೋಡಿ ಕಟ್ಟಿದವು ಮತ್ತೆ ಮೊಟ್ಟೆಯಿಟ್ಟರೆ ಮತ್ತೆ ಯುದ್ಧವೇ ಎಂದಳು ಸೊಸೆ, ನಡುವೆ ಒಂದು ಅಡ್ಡಗೋಡೆ ಬೇಕು ಎಂದಳು. ಗಾಜು ಹಾಕಿದರೆ ನೀರು ಆಡುವುದಿಲ್ಲ. ಬಲೆಗೆ ರೆಕ್ಕೆ ಸಿಕ್ಕುತ್ತದೆ. ಮಗ ಸ್ವಲ್ಪ ಯೋಚಿಸಿ, ಅಜ್ಜನ ಅಂಗಡಿಯ ಕೀಲಿ ತೆಗೆದುಕೊಂಡು ಹೊರಟ. ಅರ್ಧ ಗಂಟೆಯಲ್ಲಿ ಅಜ್ಜ ಕೀಲಿಗಳನ್ನು ತೂಗುಹಾಕುತ್ತಿದ್ದ ದಪ್ಪ ಪ್ಲಾಸ್ಟಿಕ್ ಹಲಗೆಯ ಸಮೇತ ಬಂದ. ಉದ್ದಕ್ಕೂ ಅಗಲಕ್ಕೂ ಸಾಲಾಗಿ ಸಣ್ಣ ತೂತುಗಳು. ಕೊಕ್ಕೆಗಳನ್ನೆಲ್ಲ ಕಿತ್ತು, ಅಳತೆ ತೆಗೆದು, ಅಜ್ಜನದೇ ಗರಗಸದಿಂದ ಕೊಯ್ದು, ಕುದಿನೀರಲ್ಲಿ ತೊಳೆದು, ತೊಟ್ಟಿಯ ನಡುವೆ ಇಳಿಬಿಟ್ಟ. ಬೀಗಕ್ಕೆ ಕೀಲಿ ಕೂತ ಹಾಗೆ ಕೂತಿತು. ಸ್ಲೇಟಿನ ಕಡೆಗೆ ಜೋಡಿ, ಕಲ್ಲುಗಳ ಕಡೆಗೆ ಮಿಕ್ಕ ಮೂರು.

ಆ ಮಧ್ಯಾಹ್ನವೆಲ್ಲ ಐದೂ ಮೀನುಗಳು ಹೊಸ ಊರಿಗೆ ಬಂದ ನೆಂಟರಂತೆ ಅಲ್ಲಿ ಇಲ್ಲಿ ಮೂಸಿ ನೋಡುತ್ತ ಸುತ್ತಾಡಿದವು. ಸಂಜೆ ಅಜ್ಜಿ ತಿಂಡಿ ಉದುರಿಸಿದಾಗ ಹರುಕು ಮೇಲಕ್ಕೆ ಬಂತು. ಒಂದು ಚೂರು ತಿಂದು, ಏಟು ಬೀಳಲಿಲ್ಲವೆಂದು ನಂಬಲಾರದೆ ಹಿಂದೆ ತಿರುಗಿ ನೋಡಿತು. ಮತ್ತೊಂದು ತಿಂದಿತು. "ತಿನ್ನು ಮಗಾ, ತಿನ್ನು" ಎಂದರು ಅಜ್ಜಿ.

ಸೋಮವಾರ ಮೀನಂಗಡಿಯವನು ಎರಡು ಬಕೆಟ್ ಹಿಡಿದು ಬಂದ. ತೊಟ್ಟಿಯ ಮುಂದೆ ನಿಂತು, ಕೀಲಿ ಹಲಗೆಯನ್ನು ನೋಡಿ, ತಲೆದೂಗಿದ. "ಇದನ್ನ ಒಯ್ಯೋಕೆ ನನಗೆ ಮನಸ್ಸಿಲ್ಲ" ಎಂದ. "ಒಯ್ಯಿ ಅಂತ ಈಗ ಯಾರಂದ್ರು? ಕೂತ್ಕೊಳ್ಳಿ, ಟೀ ಕುಡೀರಿ" ಎಂದ ಮಗ. ಅಂಗಡಿಯವನು ಕೂತದ್ದು ಹೊಸ ಮಂಚದ ಮೇಲೆ, ನಿನ್ನೆಯವರೆಗೆ ಮೇಜು ಇದ್ದ ಜಾಗದಲ್ಲಿ. "ಅದು ನನ್ನ ಮಂಚ, ಶೂ ಮೇಲಿಡ್ಬೇಡಿ" ಎಂದಳು ಮೆಣಸು.

ಹನ್ನೆರಡು ದಿನ ಕಳೆದು ಪಟ್ಟೆ ಮತ್ತೆ ಮೊಟ್ಟೆಯಿಟ್ಟಿತು. ಈ ಸಲ ಬೇರೆಯೇ ಆಯಿತು. ಎರಡೂ ಸರದಿಯ ಮೇಲೆ ಸ್ಲೇಟಿನ ಮುಂದೆ ನಿಂತು, ಎದೆಯ ರೆಕ್ಕೆಗಳಿಂದ ಬಿಡದೆ ಗಾಳಿ ಬೀಸಿದವು. ಒಂದು ತಿನ್ನಲು ಹೋದರೆ ಇನ್ನೊಂದು ಬಂದು ನಿಲ್ಲುವುದು. ಬೆಳ್ಳಗಾದ ಮೊಟ್ಟೆಯನ್ನು ಮಾತ್ರ, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ, ಆರಿಸಿ ತೆಗೆಯುವುದು. ಪಕ್ಕದ ಮೊಟ್ಟೆ ಅಲುಗುತ್ತಿರಲಿಲ್ಲ. ಅಜ್ಜಿ ಅನ್ನದ ತಟ್ಟೆಯನ್ನೂ ಅಲ್ಲಿಗೇ ತಂದುಕೊಂಡರು.

"ಯಾರು ಹೇಳಿಕೊಟ್ರೇ ಇವಕ್ಕೆ?" ಎಂದು ಸೊಸೆಯನ್ನು ಕೇಳಿದರು. "ತಾಯಿಯಿಲ್ಲ, ಅತ್ತೆಯಿಲ್ಲ."

"ಅತ್ತೆ ಇಲ್ದೇ ಇರೋದಕ್ಕೇ ಬೇಗ ಕಲಿತಿರ್ಬೇಕು" ಎಂದಳು ಸೊಸೆ. ಅಜ್ಜಿ ಅವಳ ಬೆನ್ನಿಗೊಂದು ಗುದ್ದಿದರು.

ಮೂರನೆಯ ಬೆಳಗ್ಗೆ ಅಜ್ಜಿ ಪ್ರಾರ್ಥನೆ ಮುಗಿಸಿ ತೊಟ್ಟಿಯ ಕಡೆ ತಿರುಗಿದವರು ಕೂಗಿಕೊಂಡರು: "ಬನ್ರೋ! ಎಲ್ಲಾ ಬನ್ರೋ!"

ಸ್ಲೇಟು ಜೀವ ಬಂದು ನಡುಗುತ್ತಿತ್ತು. ಮೊಟ್ಟೆ ಒಡೆದು, ಕಣ್ಣರೆಪ್ಪೆಯ ಕೂದಲಿನಷ್ಟು ಸಣ್ಣ ನೂರಾರು ಬಾಲಗಳು ಒಟ್ಟಿಗೆ ಮಿಡುಕುತ್ತಿದ್ದವು. ತಲೆ ಸ್ಲೇಟಿಗೆ ಅಂಟಿತ್ತು, ಬಾಲಕ್ಕೆ ಮಾತ್ರ ತಡೆಯಿಲ್ಲ. ಅಷ್ಟರಲ್ಲಿ ಒಂದು ಕಳಚಿ ಕೆಳಕ್ಕೆ ಉದುರಿತು. ಬಿಳಿಯ ಬಾಣದಂತೆ ಇಳಿದು ಅದನ್ನು ಬಾಯಿಗೆ ಹಾಕಿಕೊಂಡಿತು.

"ಅಯ್ಯೋ, ತಿಂತು! ಮತ್ತೆ ತಿಂತು ಪಾಪಿ!" ಎಂದು ಅಜ್ಜಿ ಗಾಜಿಗೆ ಕೈಯಿಟ್ಟರು.

"ತಡಿ ಅಮ್ಮ" ಎಂದ ಮಗ.

ಬಿಳಿಯ ಮೇಲಕ್ಕೆ ಬಂತು. ಸ್ಲೇಟಿನ ಹತ್ತಿರ ಬಾಯಿ ತಂದು, ಮುತ್ತಿಟ್ಟಷ್ಟು ಮೆಲ್ಲಗೆ, ಮರಿಯನ್ನು ಅದರ ಜಾಗಕ್ಕೆ ಉಗುಳಿ ಅಂಟಿಸಿತು. ಇನ್ನೊಂದು ಉದುರಿತು. ಪಟ್ಟೆ ಹೋಗಿ ತಂದಿತು. ಮಗನ ಬೆರಳು ಕಚ್ಚಿದ ಬಾಯಿ, ಹರುಕುವಿನ ರೆಕ್ಕೆ ಹರಿದ ಬಾಯಿ. ಅದೇ ಬಾಯಲ್ಲಿ ಈಗ ಮರಿಗೆ ಒಂದು ಗೀರೂ ತಾಗುತ್ತಿರಲಿಲ್ಲ. ಅಡ್ಡಗೋಡೆಯ ಆಚೆ ಹರುಕು ಒಂದು ತೂತಿಗೆ ಕಣ್ಣಿಟ್ಟು ನಿಂತಿತ್ತು. ಅದರ ರೆಕ್ಕೆಯ ಅಂಚಿನಲ್ಲಿ ಹೊಸ ಪೊರೆ ಬಂದಿತ್ತು.

ಮಗನಿಗೆ ಡ್ಯೂಟಿಯ ಹೊತ್ತು ಮೀರುತ್ತಿತ್ತು. ಸೊಸೆಯ ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ಯಾರೂ ಅಲುಗಲಿಲ್ಲ. ಮಗ ತಾಯಿಯ ಭುಜದ ಮೇಲೆ ಕೈಯಿಟ್ಟು, "ಅಪ್ಪ ಇದನ್ನ ನೋಡ್ಬೇಕಿತ್ತು" ಎಂದಷ್ಟೇ ಹೇಳಿದ.

ಅವರೆಲ್ಲ ಕೆಲಸಕ್ಕೆ, ಸ್ಕೂಲಿಗೆ ಹೋದ ಮೇಲೆ ಅಜ್ಜಿ ಒಂದು ಲೋಟದಲ್ಲಿ ತಣ್ಣೀರು ತುಂಬಿ ತಂದು ಸ್ಟೂಲಿನ ಪಕ್ಕದಲ್ಲಿಟ್ಟರು. ಸ್ಲೇಟು ಇನ್ನೂ ಮಿಡುಕುತ್ತಿತ್ತು, ಕಾವಲಿನ ಎರಡೂ ಮೀನುಗಳು ರೆಕ್ಕೆ ಬೀಸುತ್ತಿದ್ದವು. ಅವರು ಕಣ್ಣು ಮುಚ್ಚಿ ಕೈ ಜೋಡಿಸಿದರು.

"ದೇವರೇ, ಕಚ್ಚೋ ಬಾಯಿಗೆ ಕಾಯೋದನ್ನೂ ಕಲಿಸಿದೋನು ನೀನು. ಈ ಮನೆಯೋರ ಬಾಯಿಗೂ ಅದನ್ನ ಕಲಿಸು. ಅವರು ಭಾನುವಾರ ಭಾನುವಾರ ನಿನ್ನ ಹತ್ರ ಬರ್ಲಿಲ್ಲ ಅಂತ ಮನಸ್ಸಲ್ಲಿ ಇಟ್ಕೋಬೇಡ. ಇಲ್ಲೇ ನಿಂತು ನೀನು ಮಾಡಿದ್ದನ್ನ ನೋಡ್ಕೋತಿದ್ರು, ಅದೂ ನಿನ್ನ ಸೇವೆ ಅಂತ್ಲೇ ಬರ್ಕೋ. ಎಷ್ಟೋ ಜನರ ಬಾಗಿಲು ತೆಗೆದುಕೊಟ್ಟ ಕೈ ಅದು. ನಿನ್ನ ಬಾಗಿಲಿಗೆ ಬಂದಾಗ ಕಾಯಿಸ್ಬೇಡ, ತೆಗಿ. ನೀರು ಕೇಳಿ ಹೋದ್ರು, ಮೊದಲು ಒಂದು ಲೋಟ ನೀರು ಕೊಡು. ಆಮೇಲೆ ಅವರ ಜೀವಕ್ಕೆ ಶಾಂತಿ ಕೊಡು, ತಂದೆ, ಶಾಂತಿ ಕೊಡು."